ಕಾಬೂಲಿನ ಮೇಷ್ಟ್ರು

ಶಾಂತಿನಿಕೇತನದಲ್ಲಿ ಓದಿದ ಸೈಯದ್ ಮುಜ್ತಬಾ ಅಲಿ 1927ರಲ್ಲಿ ಅಧ್ಯಾಪಕರಾಗಿ ಕಾಬೂಲಿಗೆ ಹೋದರು. ಪ್ರಜೆಗಳು ಐರೋಪ್ಯ ಉಡುಪು ತೊಡಬೇಕು, ಹೆಣ್ಣುಮಕ್ಕಳು ಶಾಲೆಗೆ ಬರಬೇಕು ಎಂಬ ಆತುರ ಅಲ್ಲಿನ ದೊರೆ ಅಮಾನುಲ್ಲಾನದು. ಮೇಷ್ಟ್ರಿಗೆ ಆ ನಾಡಿನ ಪರಿಚಯ ಮಾಡಿಸಿದವನು ಮಾತ್ರ ಅಡಿಗೆಯ ಅಬ್ದುರ್ ರಹಮಾನ್. ಪಂಜಶೀರಿನ ಈ ಆಜಾನುಬಾಹು ಒಬ್ಬರೆದುರಿಗೆ ಹಲವರು ಉಣ್ಣುವಷ್ಟು ತಂದಿಡುವನು. ತನ್ನೂರಿನ ಹಿಮವನ್ನು ಹೊಗಳಿ ದಣಿಯನು.

1929ರ ಜನವರಿಯಲ್ಲಿ ದೊರೆ ಪಟ್ಟ ತೊರೆದನು. ದಂಗೆಕೋರ ಬಚ್ಚಾ ಸಕಾವೋ ಕಾಬೂಲನ್ನು ಹಿಡಿದನು. ಪಾಠ ನಿಂತಿತು, ಊಟಕ್ಕೂ ತತ್ವಾರವಾಯಿತು. ಅಬ್ದುರ್ ರಹಮಾನ್ ಮಾತ್ರ ಮನೆ ಬಿಟ್ಟು ಕದಲಲಿಲ್ಲ. ಕಡೆಗೆ ಮೇಷ್ಟ್ರು ವಿಮಾನವೇರಿ ಭಾರತಕ್ಕೆ ಮರಳಿದರು.

ಸುಮಾರು 20 ವರುಷಗಳ ಮೇಲೆ ಅವರು ಬಂಗಾಳಿಯಲ್ಲಿ ‘ದೇಶೇ ಬಿದೇಶೇ’ ಬರೆದರು. ಅದರ ಕೊನೆಯಲ್ಲಿ ವಿಮಾನದಿಂದ ಅವರಿಗೆ ಕಾಣುವುದು ಹಿಮದ ನಡುವೆ ಒಂದು ಮುಂಡಾಸು. ಸಾಬೂನು ಸಿಗದೆ ಮಾಸಿದ್ದ ಅದು ಅಬ್ದುರ್ ರಹಮಾನನದು.