ಪೀಕಿಂಗಿನಲ್ಲೊಂದು ನಾಮಕರಣ

ಹುಟ್ಟುಹಬ್ಬವೇ ಬೇರೆ, ನಾಮಕರಣವೇ ಬೇರೆ. ಆದರೆ ಅರವತ್ಮೂರು ವರ್ಷ ತುಂಬಿದ ಕವಿಯೊಬ್ಬರಿಗೆ ಇವೆರಡೂ ಒಂದೇ ಸಮಾರಂಭದಲ್ಲಿ, ಅದೂ ಪರದೇಶದಲ್ಲಿ, ಜರುಗಿದ್ದುಂಟು.

1924ರ ಏಪ್ರಿಲ್ 12ರಂದು ರವೀಂದ್ರನಾಥ ಠಾಕೂರರು ಶಾಂಘೈಯಲ್ಲಿ ಹಡಗಿನಿಂದ ಇಳಿದರು. ವಿದ್ವಾಂಸ ಲಿಯಾಂಗ್ ಚಿಚಾವ್ ಅವರ ಮುಂದಾಳುತನದ ಉಪನ್ಯಾಸ ಸಂಘವು ಅವರನ್ನು ಬರಮಾಡಿಕೊಂಡಿತ್ತು. ಚಿತ್ರಕಾರ ನಂದಲಾಲ ಬೋಸ್, ಪಂಡಿತ ಕ್ಷಿತಿಮೋಹನ ಸೇನ್, ಇತಿಹಾಸಜ್ಞ ಕಾಲಿದಾಸ ನಾಗ್ ಜೊತೆಗಿದ್ದರು. ತರುಣ ಕವಿ ಷು ಜಿಮೋ ದುಭಾಷಿಯಾಗಿ ಬಂದು ಆಪ್ತಮಿತ್ರನೇ ಆದರು.

ಮೇ 8ರಂದು ಪೀಕಿಂಗಿನ ಗೆಳೆಯರು ಅತಿಥಿಯ ಜನ್ಮದಿನವನ್ನು ಆಚರಿಸಿದರು. ಸಭೆಯ ಅಧ್ಯಕ್ಷತೆ ಹು ಷಿ ಅವರದು. ಕಾಣಿಕೆಯಾಗಿ ಚಿತ್ರಗಳು ಬಂದವು. ಕವಿಯ 'ಚಿತ್ರಾ' ನಾಟಕವನ್ನು ಇಂಗ್ಲಿಷಿನಲ್ಲಿ ಆಡಲಾಯಿತು. ಲಿನ್ ಹುಯಿಯಿನ್ ಚಿತ್ರಾಂಗದೆಯಾದರೆ ಷು ಜಿಮೋ ಮದನ. ಮಣಿಪುರದ ರಾಜಕುಮಾರಿಯ ಮಹಾಭಾರತ ಕಥೆಗೆ ಚೀನೀ ತರುಣರು ಜೀವ ತುಂಬಿದರು.

ಆದರೆ ಎಲ್ಲಕ್ಕಿಂತ ದೊಡ್ಡ ಉಡುಗೊರೆ ಒಂದು ಹೆಸರು: ಝು ಝೆನ್‌ದಾನ್. ಅದರ ಅರ್ಥವನ್ನು ಲಿಯಾಂಗ್ ಅವರೇ ಬಿಡಿಸಿ ಹೇಳಿದರು. ಪ್ರಾಚೀನ ಚೀನೀಯರು ಭಾರತವನ್ನು 'ತ್ಯೆನ್‌ಝು' ಎನ್ನುತ್ತಿದ್ದರು. ಅಲ್ಲಿಂದ ಬಂದ ಬೌದ್ಧಭಿಕ್ಷುಗಳಿಗೆ 'ಝು' ಎಂಬುದು ಮನೆತನದ ಹೆಸರಾಗುತ್ತಿತ್ತು. ಭಾರತೀಯರು ಚೀನಾವನ್ನು ಕರೆದ 'ಚೀನಸ್ಥಾನ'ವೇ ಚೀನೀ ನಾಲಗೆಯಲ್ಲಿ 'ಝೆನ್‌ದಾನ್' ಆಯಿತು. ಆ ಎರಡು ಅಕ್ಷರಗಳ ಅರ್ಥ ಗುಡುಗು ಮತ್ತು ಅರುಣೋದಯ. 'ರವೀಂದ್ರ'ದೊಳಗಿನ ಇಂದ್ರನೂ ರವಿಯೂ ಅಲ್ಲಿದ್ದಾರೆ. ಹೀಗೆ ಒಂದು ದೇಶ ಇನ್ನೊಂದನ್ನು ಕರೆದ ಹಳೆಯ ಹೆಸರುಗಳೆರಡೂ ಒಬ್ಬ ಮನುಷ್ಯನಲ್ಲಿ ಕೂಡಿದವು.

ಇದನ್ನು ಕೇವಲ ಸೌಹಾರ್ದದ ಕಥೆಯೆಂದು ಓದಿದರೆ ಇತಿಹಾಸಕ್ಕೆ ಅನ್ಯಾಯವಾದೀತು. 1919ರ ಮೇ ನಾಲ್ಕರ ಚಳವಳಿಯಿಂದ ಎಚ್ಚೆತ್ತಿದ್ದ ತರುಣರಿಗೆ ವಿಜ್ಞಾನ, ಪ್ರಜಾಪ್ರಭುತ್ವ ಬೇಕಿದ್ದವು. ದಂಡನಾಯಕರ ಕಾದಾಟದಲ್ಲಿ ನಲುಗಿದ ನಾಡಿನಲ್ಲಿ ಪೂರ್ವದೇಶಗಳ ಆಧ್ಯಾತ್ಮಿಕ ಹಿರಿಮೆಯ ಮಾತು ಅವರಿಗೆ ರುಚಿಸಲಿಲ್ಲ. ಚೆನ್ ದುಷ್ಯೂ ಕಟುವಾಗಿ ಟೀಕಿಸಿದರು. ಪೀಕಿಂಗಿನ ಉಪನ್ಯಾಸದಲ್ಲೇ ವಿರೋಧದ ಕರಪತ್ರಗಳು ಹರಿದಾಡಿದವು. ನೊಂದ ಕವಿ ಉಪನ್ಯಾಸಮಾಲೆಯನ್ನು ಮೊಟಕುಗೊಳಿಸಿದರು. ಪಾಶ್ಚಾತ್ಯ ವಿದ್ಯೆಯ ಪಕ್ಷಪಾತಿಯಾಗಿದ್ದ ಹು ಷಿ ಅವರಿಗೂ ಅತಿಥಿಯ ವಿಚಾರಗಳೆಲ್ಲ ಒಪ್ಪಿಗೆಯಾಗಿರಲಿಲ್ಲ. ಆದರೂ ಅವರ ಮಾತನ್ನು ಗೌರವದಿಂದ ಕೇಳಬೇಕೆಂದು ಅವರು ವಾದಿಸಿದರು. ಭಿನ್ನಾಭಿಪ್ರಾಯವಿದ್ದೂ ಹುಟ್ಟುಹಬ್ಬದ ಪೀಠದಲ್ಲಿ ಕುಳಿತ ಆ ಸೌಜನ್ಯವೇ ಈ ಪ್ರಸಂಗದ ಸಾರವೆನ್ನಬಹುದು.

ಆ ಹೆಸರು ಸಮಾರಂಭದೊಡನೆ ಮುಗಿಯಲಿಲ್ಲ. 1937ರಲ್ಲಿ ಶಾಂತಿನಿಕೇತನದಲ್ಲಿ ತಾನ್ ಯುನ್‌ಶಾನ್ ಅವರ ಪರಿಶ್ರಮದಿಂದ ಚೀನಾ ಭವನ ತೆರೆಯಿತು. 1941ರಲ್ಲಿ, ಸಾವಿಗೆ ಕೆಲವೇ ತಿಂಗಳ ಮುಂಚೆ, ರವೀಂದ್ರರು 'ಜನ್ಮದಿನೇ' ಸಂಕಲನದ ಕವಿತೆಯೊಂದರಲ್ಲಿ ಚೀನೀ ಹೆಸರನ್ನೂ ಚೀನೀ ಉಡುಪನ್ನೂ ನೆನೆದು, ಸ್ನೇಹ ದೊರೆತಲ್ಲೆಲ್ಲ ಮನುಷ್ಯನಿಗೆ ಮರುಹುಟ್ಟು ಎಂಬ ಭಾವವನ್ನು ವ್ಯಕ್ತಪಡಿಸಿದರು.

ಹೊರನಾಡಿನಲ್ಲಿ ನೆಲೆನಿಂತ ನಮಗೆ ಇದು ದೂರದ ಮಾತಲ್ಲ. ಹುಟ್ಟಿದೂರು ಕೊಟ್ಟ ಹೆಸರನ್ನು ಉಳಿಸಿಕೊಂಡೇ, ಬಂದೂರು ಪ್ರೀತಿಯಿಂದ ಕೊಡುವ ಹೆಸರಿಗೂ ಓಗೊಡಬಹುದು. ಝು ಝೆನ್‌ದಾನ್ ಆದದ್ದರಿಂದ ರವೀಂದ್ರರೇನೂ ಬಂಗಾಳಕ್ಕೆ ದೂರವಾಗಲಿಲ್ಲ.