ಹೊಣೆ ಹಸ್ತಾಂತರದ ದಿನ



ನಾನು ಲೆಕ್ಕಪರಿಶೋಧಕ, ಹಾಗಾಗಿ ಲೆಕ್ಕದಿಂದಲೇ ಶುರುಮಾಡುತ್ತೇನೆ. ನ್ಯೂಜೆರ್ಸಿಯಲ್ಲಿ ಯಹೂದಿ ಸಹೋದ್ಯೋಗಿಯೊಬ್ಬರು ಮಗಳ ಬಾಟ್ ಮಿಟ್ಸ್ವಾಕ್ಕೆ ಕರೆದಿದ್ದರು. ನಮ್ಮ ರೂಢಿಯಂತೆ 101 ಡಾಲರ್ ಮುಯ್ಯಿ ಲಕೋಟೆಗೆ ಹಾಕಲು ಹೊರಟಿದ್ದೆ. "108 ಮಾಡಿ" ಎಂದರು ಇನ್ನೊಬ್ಬ ಗೆಳೆಯರು. ಹೀಬ್ರೂ ಅಕ್ಷರಗಳಿಗೆ ಅಂಕಿಯ ಬೆಲೆಯುಂಟು. 'ಜೀವ' ಎಂಬ ಅರ್ಥದ 'ಖಾಯ್' ಪದದ ಅಕ್ಷರಗಳನ್ನು ಕೂಡಿದರೆ 18. ಅದಕ್ಕೇ ಉಡುಗೊರೆ 18ರ ಮಗ್ಗಿಯಲ್ಲಿ. ನೂರೆಂಟು ನಮಗೂ ಶುಭವೇ ತಾನೆ!

ಆದರೆ ಈ ಆಚರಣೆಯಲ್ಲಿ ಔತಣಕ್ಕಿಂತ ಹಳೆಯದು ಹೊಣೆ. ಹುಡುಗನಿಗೆ 13, ಹುಡುಗಿಗೆ 12 ತುಂಬಿದರೆ ಧರ್ಮವಿಧಿಗಳ ಹೊಣೆ ತಾನಾಗಿಯೇ ಬರುತ್ತದೆ, ಸಮಾರಂಭ ಮಾಡಲಿ ಬಿಡಲಿ. 'ಬಾರ್ ಮಿಟ್ಸ್ವಾ' ಎಂದರೆ ವಿಧಿಯ ಮಗ. 'ಬಾಟ್' ಎಂದರೆ ಮಗಳು. ಸಮಾರಂಭ ರೂಪುಗೊಂಡದ್ದು ಮಧ್ಯಯುಗದ ಯುರೋಪಿನಲ್ಲಿ. ಹುಡುಗನನ್ನು ಸಭೆಯ ಮುಂದೆ ತೋರಾ ಓದಿಗೆ ಕರೆಯುತ್ತಾರೆ. ಇನ್ನು ಇವನ ತಪ್ಪಿನ ಭಾರ ನನ್ನ ಮೇಲಿಲ್ಲ ಎಂದು ತಂದೆ ದೇವರನ್ನು ನೆನೆಯುತ್ತಾನೆ. ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಖಾತೆ ಮಗನ ಹೆಸರಿಗೆ ವರ್ಗವಾಯಿತು. ಔತಣದ ಆಡಂಬರ ಆಗಲೂ ಇತ್ತು. 1595ರಲ್ಲಿ ಪೋಲೆಂಡಿನ ಕ್ರಾಕೋವ್ ಯಹೂದಿ ಸಮುದಾಯ ಅದಕ್ಕೆ ಕಡಿವಾಣ ಹಾಕಲು ತೆರಿಗೆಯನ್ನೇ ವಿಧಿಸಿತು.

ಹುಡುಗಿಗೆ ಹೊಣೆಯಿತ್ತು, ಓದುವ ಅವಕಾಶವಿರಲಿಲ್ಲ. 1922ರ ಮಾರ್ಚ್ 18ರಂದು ನ್ಯೂಯಾರ್ಕಿನಲ್ಲಿ ರಬ್ಬಿ ಮೊರ್ಡೆಕೈ ಕಪ್ಲಾನ್ ತಮ್ಮ 12 ವರ್ಷದ ಮಗಳು ಜೂಡಿತ್‌ಳನ್ನು ಓದಲು ಕರೆದರು. ಅಮೆರಿಕದ ಮೊದಲ ಬಾಟ್ ಮಿಟ್ಸ್ವಾ ಎಂದು ಸಾಮಾನ್ಯವಾಗಿ ಗುರುತಿಸುವುದು ಇದನ್ನೇ. ಆದರೂ ಅವಳು ಓದಿದ್ದು ಪವಿತ್ರ ಸುರುಳಿಯಿಂದಲ್ಲ, ತುಸು ದೂರ ನಿಂತು, ತನ್ನ ಕೈಯಲ್ಲಿದ್ದ ಅಚ್ಚಿನ ಪುಸ್ತಕದಿಂದ. ಮುಂದೆ ಆಕೆ ಸಂಗೀತ ವಿದ್ವಾಂಸೆಯಾದರು. 1992ರಲ್ಲಿ, 82ನೆಯ ವಯಸ್ಸಿನಲ್ಲಿ, ಮತ್ತೊಮ್ಮೆ ಬಾಟ್ ಮಿಟ್ಸ್ವಾ ಆಚರಿಸಿಕೊಂಡರು. ಆ ಹೊತ್ತಿಗೆ ಅಮೆರಿಕದ ಬಹುಪಾಲು ಯಹೂದಿ ಪಂಥಗಳಲ್ಲಿ ಹುಡುಗಿಯರು ಸುರುಳಿಯಿಂದಲೇ ಓದುತ್ತಿದ್ದರು.

ನನ್ನ ಸಹೋದ್ಯೋಗಿಯ ಮನೆಮಾತು ಇಂಗ್ಲಿಷ್. ಆದರೂ ಅವರ ಮಗಳು ಒಂದು ವರ್ಷ ಕಲಿತು, ಸ್ವರಚಿಹ್ನೆಗಳೇ ಇಲ್ಲದ ಆ ಸುರುಳಿಯ ಹೀಬ್ರೂವನ್ನು ರಾಗವಾಗಿ ಓದಿದಳು. ಎರಡು ಕಡೆ ತಡವರಿಸಿದಳು. ಅಜ್ಜ ಮೆಲ್ಲಗೆ ತಿದ್ದಿದರು. ಪಕ್ಕದಲ್ಲಿ ಕೂತಿದ್ದ ನನ್ನ ಮಗಳು ಕೇಳಿದಳು: "ಅಪ್ಪಾ, ನಾನು ಏನು ಓದಬೇಕು?"

ನನ್ನಲ್ಲಿ ಉತ್ತರವಿರಲಿಲ್ಲ. ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಅಕ್ಷರ ಕಲಿಸಿರಲಿಲ್ಲ. ಈಗ ಭಾನುವಾರ ಬೆಳಗ್ಗೆ ಇಬ್ಬರೂ ಕೂರುತ್ತೇವೆ, ಒತ್ತಕ್ಷರದವರೆಗೆ ಬಂದಿದ್ದೇವೆ. ಮುಂದಿನ ರಾಜ್ಯೋತ್ಸವದಲ್ಲಿ 12 ತುಂಬಿದ ನಮ್ಮ ಮಕ್ಕಳು ವೇದಿಕೆಯಲ್ಲಿ ಒಂದೊಂದು ಪುಟ ಕನ್ನಡ ಓದಲಿ ಎಂಬುದು ನನ್ನ ಕೋರಿಕೆ. ಮೊದಲ ಹೆಸರು ನನ್ನ ಮಗಳದ್ದೇ ಬರೆದುಕೊಳ್ಳಿ.