ಬೋಲ್ಟು ಉಳಿಸಲು ಹೋಗಿ ಥ್ರೆಡ್ ಕಳೆದುಕೊಂಡ ಕಥೆ

ಇಪ್ಪತ್ತು ಲಕ್ಷ ರೂಪಾಯಿಯ ಬೈಕಾದರೂ ಕರಾವಳಿಯ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಬೋಲ್ಟಿನ ತಲೆ ಕೆಂಪಾಗತೊಡಗುತ್ತದೆ. ಸ್ಪ್ಯಾನರ್ ಹಾಕಿದಾಗಲೆಲ್ಲ ಅಂಚಿನ ಲೇಪ ಕೆರೆದುಹೋಗುತ್ತದೆ. ಅಲೆನ್ ಬೋಲ್ಟಾದರೆ ತಲೆಯ ಗುಳಿಯಲ್ಲಿ ನೀರು ನಿಲ್ಲುತ್ತದೆ. ಲೇಪವನ್ನೇ ದಪ್ಪ ಮಾಡೋಣವೆಂದರೆ ಥ್ರೆಡ್ ಕೂರುವುದಿಲ್ಲ. ಸಾಮಾನ್ಯ ಬೋಲ್ಟಿನ ಮೇಲಿನ ಸತುವಿನ ಪದರ 5ರಿಂದ 8 ಮೈಕ್ರಾನ್ ಅಷ್ಟೇ. ಇಷ್ಟು ತೆಳುವಾದ ಪದರದಿಂದ ಉಕ್ಕನ್ನು ಕಾಯಬೇಕು.

ದಾರಿ ತೋರಿಸಿದ್ದು ಹಡಗು. 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆಗೆ ಕಬ್ಬಿಣ, ಸತುವಿನ ತುಂಡುಗಳನ್ನು ಜೋಡಿಸಿದ. ಅವು ಸವೆದವು, ತಾಮ್ರ ಉಳಿಯಿತು. ಆದರೆ ಕರಗುವುದು ನಿಂತ ತಾಮ್ರದ ಮೇಲೆ ಪಾಚಿ, ಚಿಪ್ಪುಜೀವಿಗಳು ಬೆಳೆದು ಹಡಗಿನ ವೇಗ ಕುಗ್ಗಿತು. 1837ರಲ್ಲಿ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನಕ್ಕೆ ಪೇಟೆಂಟ್ ಪಡೆದ. ಲೇಪದಲ್ಲಿ ಗೀರು ಬಿದ್ದರೂ ಮೊದಲು ಸವೆಯುವುದು ಸತು. ಉಕ್ಕು ಅಲ್ಲಿಯವರೆಗೆ ಕ್ಷೇಮ.

ಮೋಟಾರ್‌ಸೈಕಲ್ಲಿಗೆ ಮೊದಲು ನಿಕ್ಕಲ್, 1920ರ ದಶಕದ ಕೊನೆಗೆ ಕ್ರೋಮ್ ಬಂದವು. ಕ್ರೋಮ್ ಹೊಳೆಯುತ್ತದೆ ನಿಜ, ಆದರೆ ಸತುವಿನ ಗುಣ ಅದಕ್ಕಿಲ್ಲ. ಕೆಳಗಿನ ನಿಕ್ಕಲ್ ಪದರವನ್ನೂ ದಾಟಿ ತೂತು ಬಿದ್ದರೆ ಅಲ್ಲಿನ ಉಕ್ಕು ಇನ್ನೂ ಬೇಗ ಹಾಳಾಗುತ್ತದೆ.

ಎರಡನೇ ಮಹಾಯುದ್ಧದ ಆಚೀಚೆ ಟ್ರಯಂಫ್, ಬಿಎಸ್‌ಎ, ನಾರ್ಟನ್ ಬೈಕುಗಳ ನಟ್ಟು ಬೋಲ್ಟುಗಳಿಗೆ ಮಂದ ಬೆಳ್ಳಿಬಣ್ಣದ ಕ್ಯಾಡ್ಮಿಯಂ ಲೇಪವಿರುತ್ತಿತ್ತು. ಉಪ್ಪುನೀರಿಗೆ ಅದು ಜಗ್ಗದು. ಸ್ವತಃ ನುಣುಪಾದ್ದರಿಂದ ಬಿಗಿತವೂ ಒಂದೇ ಸಮ. ಕೆಲಸದ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯ ಲೇಪ ಸಿಗುವುದು ಕಷ್ಟ. ಆದರೆ ಅದು ವಿಷ. ಜಪಾನಿನ ಜಿಂಜು ನದಿ ಕಣಿವೆಯ ಜನರ ಮೂಳೆ ಮುರಿದ ಇತಾಯಿ-ಇತಾಯಿ ಕಾಯಿಲೆಗೆ ಗಣಿಯಿಂದ ಹರಿದ ಕ್ಯಾಡ್ಮಿಯಮ್ಮೇ ಕಾರಣವೆಂದು ಅಲ್ಲಿನ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು. ಆ ಲೇಪವನ್ನು ಕೈಬಿಟ್ಟದ್ದು ಸರಿಯೇ.

ಅದರ ಜಾಗಕ್ಕೆ ಬಂದದ್ದು ಹಳದಿ ಛಾಯೆಯ ಕ್ರೋಮೇಟ್ ಹಚ್ಚಿದ ಸತು. ಅದರಲ್ಲಿದ್ದ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಐರೋಪ್ಯ ಒಕ್ಕೂಟದ 2000ದ ನಿರ್ದೇಶನದ ಪ್ರಕಾರ 2007ರ ಜುಲೈಯಿಂದ ಕಾರುಗಳ ತುಕ್ಕುನಿರೋಧಕ ಲೇಪಗಳಲ್ಲಿ ಅದಕ್ಕೆ ಜಾಗವಿಲ್ಲ. ಬಿಡಿಭಾಗ ತಯಾರಕರು ಮೂರು ವೇಲೆನ್ಸಿಯ ಕ್ರೋಮಿಯಮ್ಮಿಗೆ ಹೊರಳಿದರು.

ಇಷ್ಟರ ನಡುವೆ ಇನ್ನೊಂದು ತೊಡಕು. ವಿದ್ಯುತ್ ಲೇಪನದ ವೇಳೆ ಹೈಡ್ರೋಜನ್ ಉಕ್ಕಿನೊಳಗೆ ಸೇರುತ್ತದೆ. 12.9 ದರ್ಜೆಯಂಥ ಗಟ್ಟಿ ಬೋಲ್ಟು ಇದರಿಂದ ಪೆಡಸಾಗಿ, ಬಿಗಿದ ಎಷ್ಟೋ ಹೊತ್ತಿನ ಮೇಲೆ ಇದ್ದಕ್ಕಿದ್ದಂತೆ ಮುರಿಯಬಹುದು. ಆದ್ದರಿಂದಲೇ ಅವನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸುತ್ತಾರೆ. ಸತು, ಅಲ್ಯೂಮಿನಿಯಂ ಚಕ್ಕೆಗಳನ್ನು ಬಣ್ಣದ ಹಾಗೆ ಹಚ್ಚಿ ಕಾಯಿಸುವ ಲೇಪಗಳಿಗೆ ವಿದ್ಯುತ್ತೇ ಬೇಡ, ಹಾಗಾಗಿ ಆ ಭಯವೂ ಇಲ್ಲ.

ಬೈಕಿನ ಒಡೆಯರು ಮಾತ್ರ ಬೇರೆ ದಾರಿ ಹಿಡಿದರು: ಎಲ್ಲವನ್ನೂ ಸ್ಟೇನ್‌ಲೆಸ್‌ಗೆ ಬದಲಿಸುವುದು. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಕಂಡುಹಿಡಿದ ಈ ಉಕ್ಕಿಗೆ ಲೇಪ ಬೇಡ. ಆದರೆ ಅಂಗಡಿಯಲ್ಲಿ ಸಿಗುವ ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟಿನ ಕರ್ಷಣ ಶಕ್ತಿ ಚದರ ಮಿಲಿಮೀಟರಿಗೆ 700 ನ್ಯೂಟನ್, 12.9ರದ್ದು 1200. ಬ್ರೇಕ್ ಕ್ಯಾಲಿಪರಿನಲ್ಲಿ ಚೆಂದಕ್ಕಾಗಿ ಈ ಅದಲುಬದಲು ಮಾಡುವುದು ಪ್ರಾಣಕ್ಕೆ ಕುತ್ತು.

ಎಂಜಿನ್ ಕೇಸಿನಲ್ಲಿ ಹಾನಿ ಕಣ್ಣಿಗೆ ಕಾಣದೆ ನಡೆಯುತ್ತದೆ. ಸ್ಟೇನ್‌ಲೆಸ್ಸಾಗಲಿ ಟೈಟಾನಿಯಮ್ಮಾಗಲಿ ಅಲ್ಯೂಮಿನಿಯಂ ಜತೆ ಉಪ್ಪುನೀರಿನಲ್ಲಿ ಕೂತರೆ, ಸವೆಯುವ ಸರದಿ ಅಲ್ಯೂಮಿನಿಯಮ್ಮಿನದು. ಬಿಳಿ ಪುಡಿ ಉಬ್ಬಿ ಬೋಲ್ಟು ಜಾಮ್ ಆಗುತ್ತದೆ. ವರ್ಷಗಳ ನಂತರ ಬಿಚ್ಚಿದಾಗ ಬೋಲ್ಟು ಫಳಫಳ, ಕೇಸಿನ ಥ್ರೆಡ್ ಮಾತ್ರ ಅದರೊಂದಿಗೇ ಕಿತ್ತುಬರುತ್ತದೆ. ತುಕ್ಕು ತಡೆಯುವ ಶಕ್ತಿಯನ್ನು ಅಳೆಯಲು 1939ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಬಿ117 ಪರೀಕ್ಷೆ 35 ಡಿಗ್ರಿಯಲ್ಲಿ ಶೇ 5ರ ಉಪ್ಪುನೀರನ್ನು ಎಡೆಬಿಡದೆ ಸಿಂಪಡಿಸುತ್ತದೆ. ಬೋಲ್ಟನ್ನು ಒಂಟಿಯಾಗಿ ಇಟ್ಟು ಪರೀಕ್ಷಿಸಿದರೆ ಈ ಜೋಡಿಯ ಜಗಳ ಅಲ್ಲಿ ಕಾಣುವುದೇ ಇಲ್ಲ.

ಹೀಗಾಗಿ ಈಗ ಗಮನವೆಲ್ಲ ಎರಡು ಲೋಹಗಳ ನಡುವಿನ ಸಂದಿಯ ಮೇಲೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಬ್ರಿಟನ್ನಿನಲ್ಲಿ ಸವಾರರು ವಿಮಾನಗಳಿಗೆಂದು ತಯಾರಾದ ಎಸಿಎಫ್-50 ಎಣ್ಣೆಯನ್ನು, ಬ್ರೇಕ್ ಡಿಸ್ಕಿಗೆ ತಾಗದಂತೆ, ಸಿಂಪಡಿಸುತ್ತಾರೆ. ಥ್ರೆಡ್ಡಿಗೆ ಆ್ಯಂಟಿ-ಸೀಜ್ ಗ್ರೀಸು, ಅಲುಗಾಟಕ್ಕೆ ಸಡಿಲವಾಗುವ ಕಡೆ ಲಾಕ್‌ಟೈಟ್ ಅಂಟು. ಸಂದಿ ತುಂಬಿ ಗಟ್ಟಿಯಾಗುವ ಲಾಕ್‌ಟೈಟ್ ನೀರನ್ನೂ ತಡೆಯುತ್ತದೆ. ಗ್ರೀಸು ಹಚ್ಚಿದ ಮೇಲೆ ಕೈಪಿಡಿಯಲ್ಲಿ ಒಣ ಥ್ರೆಡ್ಡಿಗೆ ಹೇಳಿದ ಟಾರ್ಕನ್ನೇ ಕೊಟ್ಟರೆ, ಘರ್ಷಣೆ ಕಡಿಮೆಯಾದಷ್ಟೂ ಬೋಲ್ಟು ಹೆಚ್ಚು ಜಗ್ಗಿ ಅಲ್ಯೂಮಿನಿಯಂ ಥ್ರೆಡ್ಡನ್ನು ಆಗಲೇ ಕಿತ್ತುಬಿಡಬಹುದು. ಟಾರ್ಕ್ ಎಷ್ಟು ಇಳಿಸಬೇಕೆಂಬುದನ್ನು ಗ್ರೀಸಿನ ಡಬ್ಬಿಯ ಮೇಲಿನ ಸೂಚನೆಯಲ್ಲಿ ನೋಡಿಯೇ ಮುಂದುವರಿಯಬೇಕು.